ಸಮುದ್ರ ನೋಡಿದ್ದು ಒಂದೇ ಸಲ. ಮರೈನ್ ಸ್ಪೇಷಿಯಲ್ ಪ್ಲಾನಿಂಗ್ ಓದಬಹುದಾ?

ಸಗರನಾಡು_ಸರ್ವೇಯರ್

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆ ಶಹಾಪುರದವನು. ಕಲಬುರಗಿಯಲ್ಲಿ ಸಿವಿಲ್ ಬಿ.ಇ. ಮುಗಿಸಿ ನಾಲ್ಕು ವರ್ಷದಿಂದ ಲೈಸೆನ್ಸ್ ಸರ್ವೇಯರ್ ಕೆಲಸ ಮಾಡುತ್ತಿದ್ದೇನೆ. ಹದ್ದುಬಸ್ತು, ಪೋಡಿ, 11ಇ ನಕ್ಷೆ, ಇಷ್ಟೇ ನನ್ನ ಲೋಕ. ಕೈಯಲ್ಲಿ ಜಿಪಿಎಸ್ ರೋವರ್ ಇದ್ದರೂ ಜನ ನಂಬೋದು ಬಾಂದು ಕಲ್ಲನ್ನೇ. ಹೋದ ತಿಂಗಳು ಎರಡು ಗುಂಟೆ ಜಾಗಕ್ಕೆ ಅಣ್ಣ ತಮ್ಮ ಇಬ್ಬರೂ ಕುಡುಗೋಲು ಹಿಡಿದು ನಿಂತಿದ್ದರು. ನಡುವೆ ನಾನು, ನನ್ನ ಟ್ರೈಪಾಡ್.

ಅದೇ ವಾರ ಮೊಬೈಲ್‌ನಲ್ಲಿ ಈ ಓದಿನ ಬಗ್ಗೆ ಕಣ್ಣಿಗೆ ಬಿತ್ತು. ಸಮುದ್ರದ ಯಾವ ಭಾಗ ಯಾವುದಕ್ಕೆ ಅಂತ ಕೂತು ತೀರ್ಮಾನ ಮಾಡಿ ನಕ್ಷೆಗೆ ಇಳಿಸುವುದು. ಇಲ್ಲಿ ಬಲೆ, ಇಲ್ಲಿ ಹಡಗಿನ ದಾರಿ, ಇಲ್ಲಿ ಗಾಳಿಯಂತ್ರ, ಇಲ್ಲಿ ಹವಳ ಇದೆ ಯಾರೂ ಕೈ ಹಾಕಬೇಡಿ. ಇದು ನಾನು ದಿನಾ ಮಾಡುವ ಕೆಲಸವೇ ಅಲ್ವಾ, ಬೇಲಿ ಇಲ್ಲದ ಕಡೆ? ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ತೊಂದರೆ ಏನೆಂದರೆ ನಾನು ಸಮುದ್ರ ನೋಡಿದ್ದು ಒಂದೇ ಸಲ. ಎಂಟನೇ ಕ್ಲಾಸಿನ ಟೂರ್‌ನಲ್ಲಿ, ಮುರ್ಡೇಶ್ವರದಲ್ಲಿ. ಈಜು ಬರುವುದಿಲ್ಲ. ಮನೆಯಲ್ಲಿ ಮೀನು ತಿನ್ನುವುದಿಲ್ಲ. ಅಪ್ಪನಿಗೆ ಹೇಳಿದರೆ, "ಸಮುದ್ರಕ್ಕ ಯಾವ ಪಟವಾರಿ ಪಹಣಿ ಬರೀತಾನೋ?" ಅಂದು ಎದ್ದು ಹೋದರು. ಕಲಬುರಗಿಯ ಒಂದು ಕನ್ಸಲ್ಟೆನ್ಸಿಗೆ ಹೋದೆ. ಐವತ್ತು ಸಾವಿರ ಕೊಟ್ಟರೆ ಯುರೋಪಿನಲ್ಲಿ ಸೀಟು ಗ್ಯಾರಂಟಿ ಅಂದರು. ಬರೆದುಕೊಂಡ ಚೀಟಿ ಬಗ್ಗಿ ನೋಡಿದರೆ "ಮೆರೈನ್ ಎಂಜಿನಿಯರಿಂಗ್" ಅಂತಿತ್ತು, ಹಡಗಿನ ಎಂಜಿನ್ ಓದು!

ಎಲ್ಲಿ ಓದಬೇಕು, ಎಷ್ಟು ದುಡ್ಡು, ಮುಂದೆ ಕೆಲಸ ಸಿಗುತ್ತಾ? ಗೊತ್ತಿದ್ದವರು ಹೇಳಿ. ಸುಮ್ನೆ ಹುಚ್ಚು ಅನ್ನುವುದಾದರೂ ಬೇಜಾರಿಲ್ಲ.

ಸೇಡಂ_ಮೇಷ್ಟ್ರು

ಭೂಗರ್ಭಶಾಸ್ತ್ರ ಪಾಠ ಮಾಡುವವನು ನಾನು, ಅದಕ್ಕೇ ಮೊದಲು ಬಾಯಿ ಹಾಕುತ್ತಿದ್ದೇನೆ. ನಿಮ್ಮ ಮನೆಗೆ ಹಾಸಿರುವ ಶಹಾಬಾದ್ ಫರಸಿ ಇದೆಯಲ್ಲ, ಅದು ಕೋಟ್ಯಂತರ ವರ್ಷದ ಹಿಂದೆ ಆಳವಿಲ್ಲದ ಕಡಲಿನ ತಳದಲ್ಲಿ ಕೂತ ಸುಣ್ಣದ ಕೆಸರು. ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿ ನಿಂತಿರುವುದು ಅದೇ ಕಲ್ಲಿನ ಮೇಲೆ. ಈಗ ಅದರ ಸುತ್ತು ಕಡಲಿಗೇ ವಾಪಸ್ ಬಂದಿದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮೊದಲ ಬಾರಿಗೆ ಸಮುದ್ರದೊಳಗಿನ 13 ಖನಿಜ ಬ್ಲಾಕ್‌ಗಳನ್ನು ಹರಾಜಿಗೆ ಇಟ್ಟಿತು. ಗುಜರಾತ್ ಕಡಲಲ್ಲಿ ಸುಣ್ಣದ ಕೆಸರು, ಕೇರಳದ ಕಡಲಲ್ಲಿ ಮರಳು, ಗ್ರೇಟ್ ನಿಕೋಬಾರ್ ಹತ್ತಿರ ಲೋಹದ ಗಂಟುಗಳು. ಮರಳಿನ ವಿಷಯಕ್ಕೆ 2025ರಲ್ಲಿ ಕೇರಳದ ಮೀನುಗಾರರು ಬೀದಿಗೆ ಇಳಿದರು. ಎರಡು ಗುಂಟೆ ಜಗಳವೇ, ಅಳತೆ ಮಾತ್ರ ಬೇರೆ. ಓದಿ ಸರ್ವೇಯರ್ ಸಾಹೇಬ್ರೆ.

ಬೀದರ್_ಅಕ್ಕ

ತಮ್ಮಾ, ಮೊದಲು ಆ ಐವತ್ತು ಸಾವಿರ ಜೇಬಿನಲ್ಲೇ ಇಟ್ಟುಕೋ.

ನಾನು ಬೀದರ್‌ನವಳು. ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗದಲ್ಲಿ ಕಡಲ ಜೀವಶಾಸ್ತ್ರ ಎಂ.ಎಸ್ಸಿ. ಮಾಡಿದೆ. ಈಗ ಚೆನ್ನೈನಲ್ಲಿ ಪ್ರಾಜೆಕ್ಟ್ ಕೆಲಸ. ಸಮುದ್ರ ಇಲ್ಲದ ಜಿಲ್ಲೆ ಅಂತ ಅಳುಕಬೇಡ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರದ್ದು, ಅದರ ವಿಶ್ವವಿದ್ಯಾಲಯದ ಮುಖ್ಯ ಕಚೇರಿ ಇರುವುದು ನಮ್ಮ ಬೀದರ್‌ನ ನಂದಿನಗರದಲ್ಲಿ! ಇಡೀ ದೇಶಕ್ಕೆ ಸುನಾಮಿ ಎಚ್ಚರಿಕೆ ಕೊಡುವ, ಮೀನು ಎಲ್ಲಿ ಸಿಗಬಹುದು ಅಂತ ಉಪಗ್ರಹ ನೋಡಿ ಹೇಳುವ ಇನ್‌ಕಾಯ್ಸ್ ಸಂಸ್ಥೆ ಹೈದರಾಬಾದ್‌ನಲ್ಲಿದೆ. ಅಲ್ಲೇ ಒಂದು ತರಬೇತಿ ಕೇಂದ್ರವೂ ಇದೆ, ಸಣ್ಣ ಕೋರ್ಸ್‌ಗಳು ನಡೆಯುತ್ತವೆ. ನಿನಗೆ ಯಾದಗಿರಿಯಲ್ಲಿ ರೈಲು ಹತ್ತಿದರೆ ಆಯ್ತು. ನಾನಾಗಿದ್ದರೆ ಅಲ್ಲಿಂದಲೇ ಶುರು ಮಾಡುತ್ತಿದ್ದೆ.

ಈಗ ಓದಿನ ವಿಷಯ. ಕಾರವಾರದ ಎಂ.ಎಸ್ಸಿ., ಮಂಗಳಗಂಗೋತ್ರಿಯ (ಮಂಗಳೂರು ವಿಶ್ವವಿದ್ಯಾಲಯ) ಮರೈನ್ ಜಿಯಾಲಜಿ, ಇವು ಬಿ.ಎಸ್ಸಿ. ಮಾಡಿದವರಿಗೆ. ಮಂಗಳೂರಿನ ಎಂ.ಎಫ್.ಎಸ್ಸಿ.ಗೆ ಬಿ.ಎಫ್.ಎಸ್ಸಿ., ಅಂದರೆ ಮೀನುಗಾರಿಕೆ ಪದವಿ, ಆಗಿರಬೇಕು. ಇವನ್ನು ಬಿಟ್ಟುಬಿಡು. ಯಾರಾದರೂ ಬಿ.ಎಸ್ಸಿ. ಮಕ್ಕಳು ಇದನ್ನು ಓದುತ್ತಿದ್ದರೆ ಒಂದು ಮಾತು: ನಮ್ಮ ಭಾಗದ ಹೊರಗಿನ ರಾಜ್ಯ ಸಂಸ್ಥೆಗಳಲ್ಲೂ ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ನಮ್ಮ ಕಲ್ಯಾಣ ಕರ್ನಾಟಕದವರಿಗೆ 8% ಸೀಟು ಇದೆ, ಸರ್ಟಿಫಿಕೇಟ್ ಮೊದಲೇ ಮಾಡಿಸಿಟ್ಟುಕೊಳ್ಳಿ. ಸಿವಿಲ್ ಬಿ.ಇ. ಅಂದರೆ ಸುರತ್ಕಲ್ ಎನ್‌ಐಟಿಕೆಯ ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್ ವಿಭಾಗ ಇದೆ, ಗೇಟ್ ಬರೆಯಬೇಕು. ಆದರೆ ಅಲ್ಲಿ ಅಲೆ, ತಡೆಗೋಡೆ, ಕಾಂಕ್ರೀಟು ಜಾಸ್ತಿ. ಜಗಳ ಬಿಡಿಸುವುದು ಕಡಿಮೆ. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಲ್ಲಿ ಸಾಗರ ನಿರ್ವಹಣೆಗೇ ಒಂದು ಇನ್‌ಸ್ಟಿಟ್ಯೂಟ್ ಇದೆ, ಕೊಚ್ಚಿಯಲ್ಲಿ ಮೀನುಗಾರಿಕೆ ಮತ್ತು ಸಾಗರ ಅಧ್ಯಯನದ ವಿಶ್ವವಿದ್ಯಾಲಯವೇ ಇದೆ. ಎರಡರದ್ದೂ ಈ ವರ್ಷದ ಪ್ರಕಟಣೆ ನೋಡು.

ನೀನು ಕೇಳಿದ ಹೆಸರಿನಲ್ಲೇ ಇರುವ ಕೋರ್ಸ್ ಅಂದರೆ ವೆನಿಸ್, ಸೆವಿಲ್, ಅಝೋರ್ಸ್ ವಿಶ್ವವಿದ್ಯಾಲಯಗಳು ಸೇರಿ ಶುರು ಮಾಡಿದ ಎರಾಸ್ಮಸ್ ಮುಂಡಸ್ (ಯುರೋಪಿಯನ್ ಒಕ್ಕೂಟದ ಯೋಜನೆ) ಮಾಸ್ಟರ್ಸ್. ಎರಾಸ್ಮಸ್ ಸ್ಕಾಲರ್‌ಶಿಪ್ ಸಿಕ್ಕರೆ ಫೀಸ್ ಇಲ್ಲ, ಜೊತೆಗೆ ತಿಂಗಳಿಗೆ 1,400 ಯೂರೋ. ಇಂಥ ಕೋರ್ಸ್‌ಗಳಿಗೆ ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಜನವರಿ ಒಳಗೆ ಅರ್ಜಿ ಹಾಕಬೇಕು. ಆ ವರ್ಷ ಸ್ಕಾಲರ್‌ಶಿಪ್ ಇದೆಯಾ ಅಂತ ಅವರ ಜಾಲತಾಣದಲ್ಲೇ ಖಚಿತ ಮಾಡಿಕೋ. ನಾನೂ ಒಂದು ಸಲ ಯುರೋಪಿಗೆ ಹಾಕಿದ್ದೆ. ಸೀಟು ಸಿಕ್ಕಿತು, ಸ್ಕಾಲರ್‌ಶಿಪ್ ಸಿಗಲಿಲ್ಲ. ಅಪ್ಪ ಹೊಲ ಮಾರುತ್ತೇನೆ ಅಂದರು. ಬೇಡ ಅಂದೆ. ನೀನೂ ಸಾಲ ಮಾಡಿ ಹೋಗಬೇಡ, ಯಾಕೆಂದರೆ ಕೆಲಸದ ಕಥೆ ಬೇರೆ ಇದೆ.

ನಮ್ಮ ರಾಜ್ಯದಲ್ಲಿ "ಸಮುದ್ರ ಯೋಜಕ" ಅಂತ ಹುದ್ದೆ ಕರೆದದ್ದನ್ನು ನಾನು ನೋಡಿಲ್ಲ. ನನಗೆ ಆರು ವರ್ಷದಲ್ಲಿ ಮೂರು ಕಾಂಟ್ರ್ಯಾಕ್ಟ್. ಪ್ರತಿ ಮಾರ್ಚ್‌ನಲ್ಲಿ ಹೊಟ್ಟೆಯಲ್ಲಿ ತಳಮಳ. ಆದರೆ ಬಾಗಿಲು ಮುಚ್ಚಿಲ್ಲ. ಇಂಥದೇ ಸಮುದ್ರ ಯೋಜನೆಗೆ ಭಾರತ ಮತ್ತು ನಾರ್ವೆ 2019ರಲ್ಲಿ ಒಪ್ಪಂದ ಮಾಡಿಕೊಂಡು ಪುದುಚೇರಿ, ಲಕ್ಷದ್ವೀಪ ಎರಡನ್ನು ಮೊದಲು ಆರಿಸಿಕೊಂಡವು. ಗುಜರಾತ್, ತಮಿಳುನಾಡು ಕಡಲಲ್ಲಿ ಗಾಳಿ ವಿದ್ಯುತ್ ತಲಾ 500 ಮೆಗಾವಾಟ್ ಮಾಡಲು 2024ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಕಂಬ ನೆಡುವ ಮೊದಲು ಯಾರ ಬಲೆ ಎಲ್ಲಿ ಬೀಳುತ್ತೆ ಅಂತ ಯಾರೋ ನಕ್ಷೆ ಮಾಡಲೇಬೇಕಲ್ಲ?

ಒಂದು ಕಡೆ ಮಾತ್ರ ನಿನ್ನ ಲೆಕ್ಕ ತಪ್ಪಿದೆ. ಇದು "ನನ್ನ ಕೆಲಸವೇ, ಬೇಲಿ ಇಲ್ಲದ ಕಡೆ" ಅಂದೆ. ಅಲ್ಲ. ನಿನ್ನ ಸರ್ವೆ ನಂಬರ್ ಜೂನ್‌ನಲ್ಲೂ ಡಿಸೆಂಬರ್‌ನಲ್ಲೂ ಅಲ್ಲೇ ಇರುತ್ತೆ. ಬಂಗುಡೆ ಮೀನು ಇರುವುದಿಲ್ಲ. ಮೇಲೆ ಹಡಗು, ನಡುವೆ ಮೀನು, ತಳದಲ್ಲಿ ಕೇಬಲ್ಲು, ಮೂರಕ್ಕೂ ಒಂದೇ ಜಾಗ. ಯಾರಿಗೂ ಹಕ್ಕುಪತ್ರ ಇಲ್ಲ. ಇದು ಹೊಲದ ಜಗಳಕ್ಕಿಂತ ನಾರಾಯಣಪುರ ಎಡದಂಡೆ ಕಾಲುವೆಯ ಜಗಳಕ್ಕೆ ಹತ್ತಿರ. ಯಾರಿಗೆ ಯಾವಾಗ ಎಷ್ಟು, ಮೇಲಿನವನು ತೂಬು ಎತ್ತಿದರೆ ಕೊನೇ ಭಾಗದವನ ಗತಿ ಏನು. ಶಹಾಪುರದವನಿಗೆ ಅದನ್ನು ನಾನು ಬಿಡಿಸಿ ಹೇಳಬೇಕಾ? ಅರ್ಜಿಯ ಜೊತೆ ಬರೆಯುವ ಪತ್ರದಲ್ಲಿ "ಬಾಲ್ಯದಿಂದ ಸಮುದ್ರ ಅಂದರೆ ಪ್ರಾಣ" ಅಂತ ಸುಳ್ಳು ಬರೆಯಬೇಡ. ಕಾಲುವೆ ಬಗ್ಗೆ ಬರೆ, ಕುಡುಗೋಲಿನ ಬಗ್ಗೆ ಬರೆ.

ಮನೆಪಾಠ ಒಂದು ಕೊಡ್ತೀನಿ. ಯುನೆಸ್ಕೋದವರು 2009ರಲ್ಲಿ ಮರೈನ್ ಸ್ಪೇಷಿಯಲ್ ಪ್ಲಾನಿಂಗ್‌ಗೇ ಹತ್ತು ಹಂತದ ಕೈಪಿಡಿ ಮಾಡಿದ್ದಾರೆ, ಪುಕ್ಕಟೆ ಸಿಗುತ್ತೆ. ಅದನ್ನು ಓದು. ಆಮೇಲೆ ನೀನು ನೋಡಿದ ಅದೇ ಮುರ್ಡೇಶ್ವರದ ಎದುರು ಕಡಲಲ್ಲಿರುವ ನೇತ್ರಾಣಿ ಗುಡ್ಡ (ದ್ವೀಪ) ತೆಗೆದುಕೋ. ಜೆಬ್ಕೋ (GEBCO) ಜಾಲತಾಣದಲ್ಲಿ ಸಮುದ್ರದ ಆಳದ ಮಾಹಿತಿ ಉಚಿತ, ನಕ್ಷೆ ಮಾಡುವ ಕ್ಯೂಜಿಐಎಸ್ (QGIS) ತಂತ್ರಾಂಶದಲ್ಲಿ ಹಾಕು. ಆ ಒಂದು ಗುಡ್ಡದ ಸುತ್ತ ಹವಳ, ಡೈವಿಂಗ್ ಮಾಡುವವರು, ಮೀನುಗಾರರು ಎಲ್ಲ ಇದ್ದಾರೆ. ನೌಕಾಪಡೆ ಅಲ್ಲಿ ಗುಂಡು ಹಾರಿಸಿ ಅಭ್ಯಾಸ ಮಾಡಿದ್ದೂ ಉಂಟು. ಯಾರು ಯಾವಾಗ ಅಲ್ಲಿರುತ್ತಾರೆ ಅಂತ ಹಾಳೆಗೆ ಇಳಿಸು.

ಮಲ್ಪೆ_ಬೋಟ್

ಅಕ್ಕ ಹೇಳಿದ್ದೆಲ್ಲ ಸರಿ. ನನ್ನದೊಂದು ತಕರಾರು. ನಕ್ಷೆ ಮಾಡುವವರು ಕಂಪ್ಯೂಟರ್‌ನಲ್ಲಿ ಮಾಡಿ ಆಮೇಲೆ ನಮ್ಮನ್ನು ಸಭೆಗೆ ಕರೆಯುತ್ತಾರೆ. ಅಷ್ಟು ಹೊತ್ತಿಗೆ ಗೆರೆ ಎಳೆದಾಗಿರುತ್ತೆ. ನನ್ನ ಅಜ್ಜ ರಂಪಣಿ, ಅಂದರೆ ಗುಂಪಾಗಿ ದಡಕ್ಕೆ ಎಳೆಯುವ ದೊಡ್ಡ ಬಲೆ, ಎಳೆದವರು. 1970ರ ದಶಕದಲ್ಲಿ ಮೀನಿನ ಗುಂಪನ್ನೇ ಬಲೆಯಿಂದ ಸುತ್ತುವ ಪರ್ಸೀನ್ ಬೋಟು ಬಂದ ಮೇಲೆ ಅವರ ಗುಂಪು ಚದುರಿಹೋಯಿತು. ಅವರು ದಡದ ಗುರುತು ನೋಡಿ, ಇಷ್ಟು ಮಾರು ನೀರು ಅಂತ ಜಾಗ ಹೇಳುತ್ತಿದ್ದರು. ಅಂಥ ಜಾಗಗಳು ನಿಮ್ಮ ಯಾವ ಉಪಗ್ರಹದಲ್ಲೂ ಕಾಣುವುದಿಲ್ಲ.

ಸರ್ವೇಯರ್ ಅಣ್ಣ, ಅರ್ಜಿ ಹಾಕುವ ಮೊದಲು ಒಂದು ವಾರ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗೆ ನಿಷೇಧ. ಮಾತಾಡಿಸಬೇಕು ಅಂದರೆ ಆಗಲೇ ಬನ್ನಿ, ಎಲ್ಲರೂ ದಡದಲ್ಲಿ ಬಲೆ ರಿಪೇರಿ ಮಾಡುತ್ತಾ ಕೂತಿರುತ್ತೇವೆ. ಕಡಲಿಗೆ ಇಳಿಯಬೇಕು ಅಂದರೆ ದಸರಾ ಮೇಲೆ ಬನ್ನಿ. ವಾಂತಿ ಆಗುತ್ತೆ, ಈಗಲೇ ಹೇಳಿರುತ್ತೇನೆ.

ಸಗರನಾಡು_ಸರ್ವೇಯರ್

ಎಲ್ಲರಿಗೂ ಶರಣು. ಅಕ್ಕಾ, ಕಾಲುವೆ ಮಾತು ಎದೆಗೆ ನಾಟಿತು. ನಮ್ಮ ಹೊಲವೂ ಕೊನೇ ಭಾಗದ್ದೇ. ನೇತ್ರಾಣಿ ನಕ್ಷೆ ನಿನ್ನೆ ರಾತ್ರಿ ಶುರು ಮಾಡಿದೆ. ಅಭ್ಯಾಸಬಲ, ಮೊದಲು ನಾಲ್ಕು ಮೂಲೆಗೆ ಬಾಂದು ಕಲ್ಲು ಗುರುತು ಹಾಕಿಬಿಟ್ಟಿದ್ದೆ! ಅಳಿಸಿದೆ. ಅಪ್ಪ ಹಿಂದೆ ನಿಂತು ನೋಡಿದರು. "ಆ ಗುಡ್ಡಕ್ಕ ಹಾದಿ ಎಲ್ಲಿಂದ ಕೊಟ್ಟಿ?" ಅಂತ ಕೇಳಿದರು. ಬೈಯಲಿಲ್ಲ, ಅದೇ ದೊಡ್ಡದು.

ಮಲ್ಪೆ ಅಣ್ಣ, ಜೂನ್‌ನಲ್ಲಿ ಒಂದು ಸಲ, ದಸರಾ ಮೇಲೆ ಒಂದು ಸಲ, ಎರಡೂ ಸಲ ಬರುತ್ತೇನೆ. ವಾಂತಿಗೆ ಮಾತ್ರೆ ಯಾವುದು ತರಬೇಕು?

ಮಲ್ಪೆ_ಬೋಟ್

ಮಾತ್ರೆ ಡಾಕ್ಟರ್ ಹತ್ತಿರ ಕೇಳಿ. ಬರುವಾಗ ನಿಮ್ಮ ಕಡೆಯ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತನ್ನಿ. ಬೋಟ್‌ನಲ್ಲಿ ಅದು ವಾರಗಟ್ಟಲೆ ಕೆಡುವುದಿಲ್ಲ.