ಹಳೇ ಸ್ಟೈಲ್ ಆರ್‌ಪಿಜಿಗಳು ವಾಪಸ್ ಬಂದ್ವು ಅಂದ್ರು, ನಂಗ್ಯಾಕೆ ಒಂದೂ ಹಿಡಿಸ್ತಿಲ್ಲ? ಆಡಿದೋರು ಸ್ವಲ್ಪ ಹೇಳಿ

ನಾಲ್ಕು ಸಿಡಿ:
ಎಲ್ರಿಗೂ ನಮಸ್ಕಾರ. 2002ರಲ್ಲಿ ಇಂಜಿನಿಯರಿಂಗ್ ಓದೋವಾಗ ರೂಮಲ್ಲಿ ಬಾಲ್ಡರ್ಸ್ ಗೇಟ್ 2 ಅನ್ನೋ ಆರ್‌ಪಿಜಿ, ಅಂದ್ರೆ ಪಾತ್ರ ಕಟ್ಕೊಂಡು ಕಥೆ ನಡ್ಸೋ ಕಂಪ್ಯೂಟರ್ ಗೇಮ್, ಆಡಿದ್ದೆ, ನಾಲ್ಕು ಸಿಡಿ, ಮೆಜೆಸ್ಟಿಕ್ ಕಡೆ ತಂದಿದ್ದು, ಒರಿಜಿನಲ್ಲಾ ಅಂತ ಮಾತ್ರ ಕೇಳ್ಬೇಡಿ. ಆಮೇಲೆ ಕೆಲ್ಸ, ಮದ್ವೆ, ಮಗು, ಇಪ್ಪತ್ತು ವರ್ಷ ಗೇಮ್ ಕಡೆ ತಿರುಗಿ ನೋಡಿಲ್ಲ. ಈಗ ಸ್ವಲ್ಪ ಪುರ್‌ಸೊತ್ತು ಸಿಕ್ಕಿದೆ, ವಾರಕ್ಕೆ ಐದು ಗಂಟೆ ಅಂದ್ಕೊಳ್ಳಿ. ಅದೇ ಥರದ ಗೇಮ್‌ಗಳು ಮತ್ತೆ ಬಂದಿವೆ ಅಂತ ಕೇಳಿ ಸೇಲ್‌ನಲ್ಲಿ ಪಿಲ್ಲರ್ಸ್ ಆಫ್ ಎಟರ್ನಿಟಿ, ಟಾರ್ಮೆಂಟ್ ಟೈಡ್ಸ್ ಆಫ್ ನ್ಯೂಮೆನೆರಾ, ಪಾತ್‌ಫೈಂಡರ್ ಕಿಂಗ್‌ಮೇಕರ್ ಮೂರೂ ತಗೊಂಡೆ. ಪಿಲ್ಲರ್ಸ್ 8 ಗಂಟೆ, ಟಾರ್ಮೆಂಟ್ 5 ಗಂಟೆ, ಕಿಂಗ್‌ಮೇಕರ್ ಒಂದು ಗುಹೆ, ಅಷ್ಟೇ, ಮೂರೂ ಬಿಟ್ಟೆ. ನೋಡೋಕೆ ಎಲ್ಲಾ ಹಂಗೇ ಇದೆ, ಮೇಲಿಂದ ಕಾಣೋ ಮ್ಯಾಪು, ಟಾರ್ಮೆಂಟ್ ಬಿಟ್ರೆ ಆರು ಜನ, ಸ್ಪೇಸ್ ಬಾರ್ ಒತ್ತಿದ್ರೆ ಜಗಳ ನಿಲ್ಲುತ್ತೆ. ಆದ್ರೂ ಮನಸ್ಸಿಗೆ ಇಳೀತಿಲ್ಲ. ನಂಗೇ ವಯಸ್ಸಾಯ್ತಾ, ಇಲ್ಲ ಗೇಮ್‌ಗಳಲ್ಲೇ ಏನೋ ಕಮ್ಮಿನಾ? ಯಾವುದನ್ನ ಮುಂದುವರ್ಸ್ಲಿ, ಯಾವುದನ್ನ ಬಿಡ್ಲಿ?

ಟೋಸ್ಟರ್ ರಿಪೇರಿ:
ಪಿಲ್ಲರ್ಸ್‌ದು ನಾನು ಹೇಳ್ತೀನಿ, ನಾನು ಅದನ್ನ ಎರಡು ಸಲ ಬಿಟ್ಟು ಮೂರನೇ ಸಲ ಮುಗಿಸಿದೋನು.

ಮೊದಲು ಒಂದು ಪ್ರಶ್ನೆ ಸಾರ್, ಗಿಲ್ಡೆಡ್ ವೇಲ್ ಊರಲ್ಲಿ ಬಂಗಾರದ ಬಣ್ಣದಲ್ಲಿ ಹೆಸರು ಇರೋ ಜನ ನಿಂತಿರ್ತಾರಲ್ಲ, ಅವ್ರನ್ನೆಲ್ಲಾ ಕ್ಲಿಕ್ ಮಾಡಿ ಕೂತು ಓದಿದ್ರಾ? ಓದಿದ್ರೆ ಅಲ್ಲೇ ಅರ್ಧ ಪ್ರಾಣ ಹೋಗಿರುತ್ತೆ. ಅವ್ರಿಗೂ ಕಥೆಗೂ ಏನೂ ಸಂಬಂಧ ಇಲ್ಲ. 2012ರಲ್ಲಿ ಕಿಕ್‌ಸ್ಟಾರ್ಟರ್ ಅಂತ ಜನರಿಂದ ಮುಂಗಡ ದುಡ್ಡು ಎತ್ತೋ ಸೈಟ್‌ನಲ್ಲಿ ಜಾಸ್ತಿ ದುಡ್ಡು ಹಾಕಿದವರಿಗೆ ನಿಮ್ಮದೊಂದು ಪಾತ್ರ ಗೇಮಲ್ಲಿ ಇರುತ್ತೆ ಅಂತ ಮಾತು ಕೊಟ್ಟಿದ್ರು, ಅವೇ ಇವು. ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ದಾನಿಗಳ ಹೆಸರು ಬರೆದಿರ್ತಾರಲ್ಲ, ಹಂಗೆ. ನಾವು ಹಳೇ ಕಾಲದೋರು, ಊರಲ್ಲಿ ಯಾರಾದ್ರೂ ನಿಂತಿದ್ರೆ ಏನೋ ಕೆಲ್ಸ ಕೊಡ್ತಾರೆ ಅಂತ ಹೋಗಿ ಮಾತಾಡಿಸೋ ಅಭ್ಯಾಸ, ಅದೇ ಅಭ್ಯಾಸ ಇಲ್ಲಿ ಕೈ ಕೊಡುತ್ತೆ. ಒಂದನ್ನೂ ಮುಟ್ಬೇಡಿ.

ಆಗಿನ ಜೋಶ್ ಗೊತ್ತಿಲ್ದೆ ಈ ಬೇಜಾರು ಅರ್ಥ ಆಗಲ್ಲ. ಪಬ್ಲಿಷರ್‌ಗಳು ಈ ಥರದ ಗೇಮ್ ಯಾರು ಕೊಳ್ತಾರೆ ಅಂತ ಕೈ ಬಿಟ್ಟಿದ್ದ ಕಾಲ. 2012ರಲ್ಲಿ ವೇಸ್ಟ್‌ಲ್ಯಾಂಡ್ 2ಕ್ಕೆ 61 ಸಾವಿರ ಜನ ಸೇರಿ 29 ಲಕ್ಷ ಡಾಲರ್ ಹಾಕಿದ್ರು, ಅದೇ ವರ್ಷ ಪಿಲ್ಲರ್ಸ್‌ಗೆ 11 ಲಕ್ಷ ಕೇಳಿದ್ರೆ ಸುಮಾರು 40 ಲಕ್ಷ ಬಂತು. ಅಷ್ಟು ಜನ ದುಡ್ಡು ಹಾಕಿದ್ದು ಗೇಮ್ ನೋಡಿ ಅಲ್ಲ, ತೋರ್ಸೋಕೆ ಆಗ ಗೇಮೇ ಇರ್ಲಿಲ್ಲ, ತಮ್ಮ ತಮ್ಮ ನೆನಪು ನೋಡಿ ಹಾಕಿದ್ದು. ಒಬ್ಬೊಬ್ಬರ ನೆನಪು ಒಂದೊಂದು. ನಂಗೆ ಬಾಲ್ಡರ್ಸ್ ಗೇಟ್ 2 ಅಂದ್ರೆ ಮಂತ್ರವಾದಿಗಳ ಜಗಳ, ಅವನು ಒಂದರ ಮೇಲೊಂದು ರಕ್ಷಣೆ ಹಾಕ್ಕೊಳ್ಳೋದು, ನಾವು ಈರುಳ್ಳಿ ಸಿಪ್ಪೆ ಸುಲಿದ ಹಂಗೆ ಒಂದೊಂದೇ ತೆಗೆಯೋದು. ಪಿಲ್ಲರ್ಸ್ ಮಾಡಿದವರು ಅದನ್ನೇ ಕಿತ್ತು ಹಾಕಿದ್ರು. ಜಗಳಕ್ಕೆ ಮುಂಚೆ ಮಂತ್ರ ಹಾಕ್ಕೊಂಡು ರೆಡಿಯಾಗೋ ಹಂಗಿಲ್ಲ, ಕೊಂದ್ರೆ ಎಕ್ಸ್‌ಪೀರಿಯನ್ಸ್ ಇಲ್ಲ, ಆ ಪ್ರಾಣಿ ಬಗ್ಗೆ ಪುಸ್ತಕದ ಪುಟ ತುಂಬೋ ತನಕ ಸಿಗೋದು ಬಿಟ್ರೆ. ಮೈಟ್, ಅಂದ್ರೆ ಪಾತ್ರದ ಶಕ್ತಿ ಅಂಕ, ಜಾಸ್ತಿ ಇದ್ರೆ ಕತ್ತಿ ಏಟೂ ಜೋರು, ಮಂತ್ರದ ಏಟೂ ಜೋರು, ಅಂದ್ರೆ ಮಂತ್ರವಾದಿನೂ ಗರಡಿಮನೆ ಪೈಲ್ವಾನ್ ಥರ ಇರ್ಬೇಕು. ಯಾರೂ ಪಾತ್ರ ಕೆಡಿಸ್ಕೋಬಾರ್ದು ಅನ್ನೋ ಒಳ್ಳೇ ಉದ್ದೇಶ, ನಾನು ಒಪ್ತೀನಿ, ಆದ್ರೆ ಊಟ ಹಾಸ್ಟೆಲ್ ಊಟ ಆಗೋಯ್ತು. ಎಲ್ಲಾ ಅಳತೆ ಪ್ರಕಾರ, ಯಾವುದೂ ಕೆಟ್ಟಿಲ್ಲ, ಯಾವುದೂ ಬಾಯಲ್ಲಿ ನಿಲ್ಲಲ್ಲ.

ಮೂರನೇ ಸಲ ನಾನು ಮಾಡಿದ್ದು ಇಷ್ಟೇ. ಕಷ್ಟದ ಮಟ್ಟ ಕೆಳಗಿಳಿಸ್ದೆ, ನಾಚ್ಕೆ ಬಿಟ್ಟು. ಜೊತೆಗಾರರು ತಾವೇ ಜಗಳ ಆಡೋ ಹಂಗೆ ಎಐ ಆನ್ ಮಾಡ್ದೆ, 2015ರಲ್ಲೇ ಪ್ಯಾಚಲ್ಲಿ ಬಂದಿದೆ ಅದು. ಆಮೇಲೆ ವೈಟ್ ಮಾರ್ಚ್ ಎಕ್ಸ್‌ಪಾನ್ಶನ್‌ಗೆ, ಅಂದ್ರೆ ಗೇಮಿಗೆ ಆಮೇಲೆ ಸೇರ್ಸಿದ ಭಾಗಕ್ಕೆ, ಹೋದೆ, ಅಲ್ಲಿ ಬರವಣಿಗೆ ಬಿಗಿ ಇದೆ. ಅದಕ್ಕೂ ಮುಂಚೆ ಮೂಲ ಗೇಮಲ್ಲೇ ಡ್ಯೂರಾನ್ಸ್ ಅಂತ ಒಬ್ಬ ಪೂಜಾರಿ ಸಿಗ್ತಾನೆ, ಬಾಯಿ ಬಿಟ್ರೆ ಬೈಗುಳ, ಅವನಿಗೋಸ್ಕರನಾದ್ರೂ ಇನ್ನೊಂದು ನಾಲ್ಕು ಗಂಟೆ ಕೊಡಿ.

ಹುಬ್ಬಳ್ಳಿ ಮಂತ್ರವಾದಿ:
ಅಣ್ಣಾರ, ಒಂದ್ ಮಾತ್ ಹೇಳ್ತೀನಿ ಸಿಟ್ಟಾಗಬ್ಯಾಡ್ರಿ. ಗೇಮಿನ್ಯಾಗ ಏನೂ ಕಮ್ಮಿ ಇಲ್ಲ, ನಮ್ಮ ನೆನಪಿನ್ಯಾಗ ಜಾಸ್ತಿ ಐತಿ. ನಾ ಹೋದ ವರ್ಷ ಬಾಲ್ಡರ್ಸ್ ಗೇಟ್ ಒಂದನೇದ್ದು, ಎನ್‌ಹಾನ್ಸ್ಡ್ ಎಡಿಷನ್, ಮತ್ತ ಹಾಕ್ಕೊಂಡೆ. ಮಂತ್ರವಾದಿ ಆದ್ನಿ. ಜೀವ ನಾಕ ಹಿಟ್ ಪಾಯಿಂಟ್, ಒಂದ ಮಂತ್ರ. ಶುರುವಿನ ಜಾಗ ಕ್ಯಾಂಡಲ್‌ಕೀಪ್ ದಾಟಿ ಹೊರಗ ಬಂದ್ರ ತ್ವಾಳ ಕಚ್ಚಿ ಸತ್ತೆ. ಲೋಡ್ ಮಾಡಿ ಫ್ರೆಂಡ್ಲಿ ಆರ್ಮ್ ಇನ್‌ಗೆ ಹೋದ್ರ ಮೆಟ್ಟಿಲ ಮ್ಯಾಲೆ ಟಾರ್ನೆಶ್ ಅನ್ನಾಂವ ನಿಂತಿರ್ತಾನ್ರಿ, ಅಂವ ಒಂದ್ ಹಾರರ್ ಮಂತ್ರ ಹಾಕಿದ್ರ ನಮ್ಮ ಮಂದಿ ಎಲ್ಲಾ ದಿಕ್ಕಾಪಾಲ. ಆರ್ ಸಲ ಸತ್ತೆ. ಇಪ್ಪತ್ತು ವರ್ಷದ ಹಿಂದ ಇದನ್ನ ನಾವು ಮಜಾ ಅಂತಿದ್ವಿ, ಯಾಕಂದ್ರ ಆಗ ಕೈಯಾಗ ಟೈಮ್ ಬಿಟ್ರ ಬ್ಯಾರೆ ಏನೂ ಇರಲಿಲ್ಲ.

ನಿಮ್ಮ ಬಾಲ್ಡರ್ಸ್ ಗೇಟ್ 2 ಸೈತ ನೋಡ್ರಿ, ಮೊದಲನೇ ಸೆರೆಮನಿ ಬ್ಯಾಸರ ಆಗಿ ಅದನ್ನ ಹಾರಿ ಹೋಗಾಕ ಆಡೋ ಮಂದಿನ ಒಂದ್ ಮಾಡ್, ಅಂದ್ರ ಗೇಮ್ ಬದಲಿ ಮಾಡೋ ಫೈಲ್, ತಯಾರ್ ಮಾಡ್ಯಾರ, ಡಂಜನ್ ಬಿ ಗಾನ್ ಅಂತ. ದೇವ್ರಂಗ ಪೂಜಿ ಮಾಡೋ ಗೇಮಿನ ಮೊದಲನೇ ಅಧ್ಯಾಯನ ಭಕ್ತರಿಗೆ ಬ್ಯಾಡಾಗೇತಿ! ಮೊದಲು ಹಳೇದನ್ನ ಒಂದ್ ಹತ್ತು ತಾಸು ಮತ್ತ ಆಡ್ರಿ, ಆಮ್ಯಾಲ ಹೊಸದಕ್ಕ ಬೈರಿ.

ರಾತ್ರಿಪಾಳಿ:
ಹುಬ್ಬಳ್ಳಿ ಅಣ್ಣ ಹೇಳಿದ್ದು ಅರ್ಧ ಸರಿ, ಆದ್ರೆ ಎಲ್ಲಾ ತಪ್ಪು ನಮ್ಮ ನೆನಪಿನ ಮೇಲೆ ಹಾಕೋದು ನಾನು ಒಪ್ಪಲ್ಲ.

ನಾನು ಟಾರ್ಮೆಂಟ್‌ಗೆ 2013ರ ಮಾರ್ಚಲ್ಲೇ ದುಡ್ಡು ಹಾಕಿದೋನು. 25 ಡಾಲರ್, ಆಗ ಹತ್ರ ಹತ್ರ 1,350 ರೂಪಾಯಿ, ಕಾರ್ಡ್‌ನಲ್ಲಿ ಡಾಲರ್ ಪೇಮೆಂಟ್ ಆನ್ ಮಾಡಿಸೋಕೇ ಬ್ಯಾಂಕ್‌ಗೆ ಎರಡು ಫೋನ್. 9 ಲಕ್ಷ ಡಾಲರ್ ಕೇಳಿದ್ದು ಆರು ಗಂಟೇಲಿ ಬಂತು, ಕೊನೆಗೆ 41 ಲಕ್ಷ ದಾಟ್ತು. ದುಡ್ಡು ಏರಿದ ಹಂಗೆ ಮಾತೂ ಏರ್ತಾ ಹೋಯ್ತು, ಇಷ್ಟು ಬಂದ್ರೆ ಇನ್ನೊಬ್ಬ ಜೊತೆಗಾರ, ಇಷ್ಟು ಬಂದ್ರೆ ಇನ್ನೊಂದು ಊರು. ಗೇಮ್ ಬಂದಿದ್ದು 2017ರ ಫೆಬ್ರವರಿ ಕೊನೆಗೆ. ಬರೋ ಸ್ವಲ್ಪ ಮುಂಚೆ ಗೊತ್ತಾಯ್ತು, ಜೊತೆಗಾರರು ಕಮ್ಮಿ, ಸಾಮಾನು ನಾವೇ ಮಾಡ್ಕೊಳ್ಳೋ ಕ್ರಾಫ್ಟಿಂಗ್ ಇಲ್ಲ, ಇಟಾಲಿಯನ್ ಭಾಷೆಗೆ ಮಾಡ್ತೀವಿ ಅಂದಿದ್ದೂ ಇಲ್ಲ. ಇಟಲಿಯವರ ಹೊಟ್ಟೆ ಎಷ್ಟು ಉರಿದಿರ್ಬೇಕು ಯೋಚ್ನೆ ಮಾಡಿ. ಕನ್ನಡದವರಾದ ನಾವು ಭಾಷೆ ಮಾತು ಕೊಡೋರನ್ನೇ ನೋಡಿಲ್ಲ ಬಿಡಿ, ತಪ್ಪಿಸೋದು ಆಮೇಲಿನ ಮಾತು.

ಆದ್ರೆ ನಂಗೆ ಬೇಜಾರಾಗಿದ್ದು ಅದಕ್ಕಲ್ಲ. 1999ರ ಪ್ಲೇನ್‌ಸ್ಕೇಪ್ ಟಾರ್ಮೆಂಟ್ ಆಡಿದೋರಿಗೆ ಗೊತ್ತು, ಶವಾಗಾರದ ಕಲ್ಲಿನ ಮೇಲೆ ಎಚ್ಚರ ಆಗುತ್ತೆ, ಒಂದು ತಲೆಬುರುಡೆ ತೇಲ್ಕೊಂಡು ಬಂದು ಹರಟೆ ಹೊಡಿಯುತ್ತೆ, ಐದು ನಿಮಿಷದಲ್ಲಿ ನಾನ್ಯಾರು ಅಂತ ತಲೆ ಕೆಡುತ್ತೆ. ಹೊಸದ್ರಲ್ಲಿ ಆಕಾಶದಿಂದ ಬೀಳ್ತೀವಿ, ಬಿದ್ದ ಕ್ಷಣದಿಂದ ಎಲ್ರೂ ವಿವರಣೆ ಕೊಡ್ತಾರೆ. ಕಾಲ ನೂರು ಕೋಟಿ ವರ್ಷ ಮುಂದೆ, ಅಂದ್ರೆ ಏನು ಬೇಕಾದ್ರೂ ಇರ್ಬಹುದು, ಪ್ರತಿ ಬೀದೀಲಿ ಒಂದು ವಿಚಿತ್ರ ವಸ್ತು, ಪ್ರತಿ ವಿಚಿತ್ರಕ್ಕೆ ಮೂರು ಪ್ಯಾರಾ. ಹತ್ತು ಲಕ್ಷಕ್ಕಿಂತ ಜಾಸ್ತಿ ಪದ ಇದೆ ಅಂತ ಅದನ್ನೇ ಹೆಮ್ಮೆಯಿಂದ ಹೇಳ್ಕೊಂಡ್ರು. ಹಳೇದ್ರಲ್ಲೂ ಲಕ್ಷಗಟ್ಟಲೆ ಪದ ಇತ್ತು, ಆದ್ರೆ ಅದನ್ನ ಯಾರೂ ತೂಕ ಹಾಕಿ ಪ್ರೀತಿಸ್ಲಿಲ್ಲ. ಇಲ್ಲಿ ಎಲ್ಲಾ ವಿಚಿತ್ರ ಆದ್ದರಿಂದ ಯಾವುದೂ ವಿಚಿತ್ರ ಅನ್ಸಲ್ಲ, ನಾಲ್ಕನೇ ಗಂಟೆಗೆ ನಾನು ಓದೋದು ಬಿಟ್ಟು ಬರೀ ಕ್ಲಿಕ್ ಮಾಡ್ತಿದ್ದೆ. ಆ ದಿನ ನಿಜವಾಗ್ಲೂ ದುಃಖ ಆಯ್ತು ಕಣ್ರೀ, ನಾಲ್ಕು ವರ್ಷ ಕಾದಿದ್ದೆ.

ನೀವು ಐದು ಗಂಟೆಗೆ ಬಿಟ್ರಿ ಅಂದ್ರೆ ಬಿಟ್ಟೇ ಬಿಡಿ. ಆ ಥರ ಓದೋದು ಬೇಕು ಅಂದ್ರೆ 2019ರ ಡಿಸ್ಕೋ ಎಲಿಸಿಯಮ್ ತಗೊಳ್ಳಿ. ಹಳೇ ಗೇಮ್‌ನ ಹೆಸ್ರು ಹೊತ್ಕೊಂಡು ಬಂದಿಲ್ಲ ಅದು, ಆದ್ರೂ ಹಳೇ ಟಾರ್ಮೆಂಟ್‌ನ ನಿಜವಾದ ಮಗ ಅದೇ.

ಕ್ವಿಕ್‌ಸೇವ್:
ಇಷ್ಟೆಲ್ಲಾ ಯಾಕ್ ಗುರು, ಬಾಲ್ಡರ್ಸ್ ಗೇಟ್ 3 ಆಡು, ಮುಗೀತು

ಟೋಸ್ಟರ್ ರಿಪೇರಿ:
ಕ್ವಿಕ್‌ಸೇವ್ ಅವ್ರೇ, ಅದು ಒಳ್ಳೇ ಗೇಮೇ, ನಾನೂ 2023ರಲ್ಲಿ ನೂರು ಗಂಟೆ ಮೇಲೆ ಆಡಿದ್ದೀನಿ. ಆದ್ರೆ ಇವ್ರು ಕೇಳ್ತಿರೋದು ಬೇರೆ. ಅದ್ರಲ್ಲಿ ಆರು ಜನ ಇಲ್ಲ, ನಾಲ್ಕೇ. ಸ್ಪೇಸ್ ಬಾರ್ ಒತ್ತಿ ನಿಲ್ಸೋದಿಲ್ಲ, ಸರದಿ ಪ್ರಕಾರ ಏಟು. ವಿಕೋನಿಯಾ ಅನ್ನೋ ಪಾತ್ರಾನ ಎರಡನೇ ಭಾಗದಲ್ಲಿ ಜೊತೆಗಿಟ್ಕೊಂಡು ಮನಸ್ಸು ತಿದ್ದಿದವರು ಮೂರನೇದ್ರಲ್ಲಿ ಅವಳನ್ನ ಏನು ಮಾಡಿದ್ದಾರೆ ಅಂತ ನೋಡಿ ಕಂಪ್ಯೂಟರ್ ಆಫ್ ಮಾಡಿದ್ದು ಸುಳ್ಳಲ್ಲ, ನಾನೇ ಒಬ್ಬ. ಹೆಸರು ನೋಡಿ ಹೋದ್ರೆ ಬೇಜಾರು, ಹೆಸರು ಮರೆತು ಆಡಿದ್ರೆ ಹಬ್ಬ. ಮತ್ತೆ ವಾರಕ್ಕೆ ಐದು ಗಂಟೆ ಇರೋರಿಗೆ ಅದು ಆರು ತಿಂಗಳ ಪ್ರಾಜೆಕ್ಟ್.

ಮಂಗ್ಳೂರ್ ಬಾರ್ಡ್:
ಕಿಂಗ್‌ಮೇಕರ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ ಮಾರಾಯ್ರೆ. ನೀವು ಬಿಟ್ಟ ಗುಹೆ ಯಾವುದು, ಜೇಡದ ಹಿಂಡು ಬರ್ತದಲ್ಲ ಅದೇ ಅಲ್ವಾ? 2018ರಲ್ಲಿ ಗೇಮ್ ಬಂದಾಗ ಎಲ್ಲರೂ ಅಲ್ಲೇ ಸತ್ತದ್ದು. ಹಿಂಡಿಗೆ ಕತ್ತಿ ತಾಗುವುದಿಲ್ಲ, ಆಲ್ಕೆಮಿಸ್ಟ್ಸ್ ಫೈರ್ ಅಂತ ಬಾಟ್ಲಿ ಉಂಟು, ಅದನ್ನು ಬಿಸಾಡ್ಬೇಕು. ಟೇಬಲ್ ಮೇಲೆ ಕಾಗದ ದಾಳ ಹಿಡಿದು ಪಾತ್‌ಫೈಂಡರ್ ಆಡಿದವನಿಗೆ ಅದು ಗೊತ್ತುಂಟು, ನಮಗೆ ಎಲ್ಲಿ ಗೊತ್ತಿರ್ತದೆ.

ನಂದು ಬೇರೆ ಕಥೆ. ನಾನು ಊರೂರು ತಿರುಗಿ ಒಂದು ಮೂಲೆ ಬಿಡದೆ ನೋಡುವವ, ಹಳೇ ಗೇಮಲ್ಲಿ ಹಾಗೇ ಅಭ್ಯಾಸ. ಇದರಲ್ಲಿ ನಾವೇ ಒಂದು ರಾಜ್ಯ ಆಳ್ಬೇಕು, ಕ್ಯಾಲೆಂಡರ್ ಓಡ್ತಾ ಇರ್ತದೆ. ನಾನು ಬೆಟ್ಟ ಗುಡ್ಡ ಸುತ್ತಿ ರಾಜಧಾನಿಗೆ ಬಂದರೆ ಜನ ದಂಗೆ ಎದ್ದಿದ್ದಾರೆ, ರಾಜ್ಯ ಹೋಯ್ತು, ಗೇಮ್ ಓವರ್, 70 ಗಂಟೆ ನೀರಲ್ಲಿ. ತಪ್ಪು ನಂದೇ, ಮಂತ್ರಿಗಳು ಕಾಗದ ಕಳಿಸ್ತಾನೇ ಇದ್ರು, ನಾನು ಓದಲಿಲ್ಲ. ಸೆಟ್ಟಿಂಗಲ್ಲಿ ರಾಜ್ಯದ ಕೆಲಸ ಆಟೋಮ್ಯಾಟಿಕ್ ಮಾಡ್ಲಿಕ್ಕೆ ಉಂಟು, ಮೊದಲ ದಿನವೇ ಹಾಕಿಬಿಡಿ. 2020ರಲ್ಲಿ ಸರದಿ ಪ್ರಕಾರ ಆಡುವ ಬಟನ್ ಕೂಡಾ ಕೊಟ್ಟಿದ್ದಾರೆ. ಇಷ್ಟು ಮಾಡಿದ ಮೇಲೆ ನಿಮ್ಮ ಬಾಲ್ಡರ್ಸ್ ಗೇಟ್‌ಗೆ ಈ ಮೂರರಲ್ಲಿ ಹತ್ತಿರ ಅಂದರೆ ಇದೇ. ಆದರೆ ಐದು ಗಂಟೆ ಲೆಕ್ಕದಲ್ಲಿ ನಿಮ್ಮ ಮಗು ಡಿಗ್ರಿ ಮುಗಿಸ್ತದೆ.

ನಾಲ್ಕು ಸಿಡಿ:
ಅಯ್ಯೋ ಇಷ್ಟೊಂದು ಉತ್ತರ! ಹೌದು, ಬಂಗಾರದ ಹೆಸರು ಎಲ್ಲಾ ಓದಿದ್ದೆ, ಸುಮಾರು ಹನ್ನೆರಡು ಜನರದ್ದು, ನೋಟ್ ಬೇರೆ ಮಾಡ್ಕೊಂಡಿದ್ದೆ. ಹೌದು, ಜೇಡದ ಗುಹೆನೇ. ಹುಬ್ಬಳ್ಳಿ ಅಣ್ಣ ಹೇಳಿದ ಹಂಗೆ ನಿನ್ನೆ ರಾತ್ರಿ ಬಾಲ್ಡರ್ಸ್ ಗೇಟ್ 2 ಮತ್ತೆ ಹಾಕ್ದೆ, ಎರಡು ಗಂಟೆ ಆಡ್ದೆ, ಖುಷಿ ಆಯ್ತು, ಆದ್ರೆ ಅರ್ಧಕ್ಕೇ ಏನೋ ಖಾಲಿ ಖಾಲಿ. ಅದೂ ಹಿಡಿಸ್ತಿಲ್ಲ ಅಂದ್ರೆ ಏನರ್ಥ?

ಟೋಸ್ಟರ್ ರಿಪೇರಿ:
ಆಗ ಹೆಂಗೆ ಆಡ್ತಿದ್ರಿ? ಗೇಮ್ ಬಿಡಿ, ರೂಮಲ್ಲಿ ಎಲ್ಲಿ ಕೂತು, ಯಾವಾಗ, ಯಾರ ಜೊತೆ?

ನಾಲ್ಕು ಸಿಡಿ:
ರೂಮ್‌ಮೇಟ್ ಪಿಸಿ ಅದು. ನಾನು ಮೌಸ್, ಅವನು ಕೀಬೋರ್ಡ್. ಡೈಲಾಗ್ ಬಂದ್ರೆ ಯಾವ ಉತ್ತರ ಒತ್ಬೇಕು ಅಂತ ಜಗಳ, ಅವನು ಯಾವಾಗ್ಲೂ ಕೆಟ್ಟ ಉತ್ತರನೇ ಒತ್ತೋಣ ಅನ್ನೋನು. ಒಂದ್ಸಲ ಅದಕ್ಕೇ ಎರಡು ದಿನ ಮಾತು ಬಿಟ್ಟಿದ್ವಿ. ಈಗ ಅವನು ಟೊರೊಂಟೊದಲ್ಲಿದ್ದಾನೆ.

ಟೋಸ್ಟರ್ ರಿಪೇರಿ:
ಹಂಗಾದ್ರೆ ಮೂರನ್ನೂ ಪಕ್ಕಕ್ಕಿಡಿ. ಡಿವಿನಿಟಿ ಒರಿಜಿನಲ್ ಸಿನ್, ಮೊದಲನೇದು, 2014ರದ್ದು, ಎನ್‌ಹಾನ್ಸ್ಡ್ ಎಡಿಷನ್ ತಗೊಳ್ಳಿ. ನಾಯಕರು ಇಬ್ರು, ಒಬ್ಬೊಬ್ಬರದು ಒಬ್ಬೊಬ್ಬರು ಆಡ್ಬಹುದು, ನೆಟ್ ಇದ್ರೆ ಟೊರೊಂಟೊ ಆದ್ರೇನು. ಡೈಲಾಗಲ್ಲಿ ಇಬ್ಬರಿಗೂ ಅಭಿಪ್ರಾಯ ಬೇರೆ ಆದ್ರೆ ಕಲ್ಲು ಕಾಗದ ಕತ್ತರಿ ಆಡಿ ಗೆದ್ದೋನ ಮಾತು ನಡೆಯುತ್ತೆ, ತಮಾಷೆಗಲ್ಲ, ಗೇಮಲ್ಲೇ ಇದೆ ಅದು. ಕಥೆ ಸಾಧಾರಣ, ಜೋಕ್‌ಗಳು ಕೆಲವು ಸಪ್ಪೆ. ಸೈಸೀಲ್ ಊರಲ್ಲಿ ಮೊದಲ ಕೆಲವು ಗಂಟೆ ಕೊಲೆ ತನಿಖೆ, ಬರೀ ಮಾತು, ಲೆವೆಲ್ ಏರೋ ತನಕ ಊರ ಬಾಗಿಲು ದಾಟಿದ್ರೆ ಸಾಯ್ತೀರಾ. ಅಷ್ಟು ತಡ್ಕೊಳ್ಳಿ.

ಹುಬ್ಬಳ್ಳಿ ಮಂತ್ರವಾದಿ:
ಮಳಿ ಸುರಿಸಿ ನೀರಿನ್ಯಾಗ ಕರೆಂಟ್ ಬಿಡ್ರಿ, ಎದುರಿನ ಮಂದಿ ಎಲ್ಲಾ ಸೆಟದ ನಿಂದರ್ತಾರ. ನಿಮ್ಮ ಗೆಣ್ಯಾ ಅದೇ ನೀರಾಗ ನಿಂತಾನೇನ್ ಅಂತ ಮೊದಲ ನೋಡ್ಕೊರಿ.

ನಾಲ್ಕು ಸಿಡಿ:
ಅವನಿಗೆ ಮೆಸೇಜ್ ಹಾಕ್ದೆ. ಶನಿವಾರ ನಮ್ಗೆ ರಾತ್ರಿ ಎಂಟೂವರೆ, ಅವನಿಗೆ ಬೆಳಗ್ಗೆ. ಬಂದಿದ್ದು ಎರಡೇ ಅಕ್ಷರದ ರಿಪ್ಲೈ, "ಕತ್ರಿ" ಅಂತ. ಈಗ್ಲೇ ಶುರು ಹಚ್ಕೊಂಡ. ಒಂದು ಡೌಟು, ನಂದು ಗ್ರಾಫಿಕ್ಸ್ ಕಾರ್ಡ್ ಇಲ್ದಿರೋ ಆಫೀಸ್ ಲ್ಯಾಪ್‌ಟಾಪ್, ಓಡುತ್ತಾ?