ನೊರೆಯಿಂದ ಪ್ರೋಟೀನ್ ಬೇರ್ಪಡಿಸೋದು: ಮೇಡಂಗೆ ಕೇಳಿ

ಎಂಎಸ್ಸಿ ಹುಡುಗಿ: ಮೇಡಂ, ಪಪ್ಪಾಯಿ ಹಾಲಿಂದ ಪಪೈನ್ (ಪ್ರೋಟೀನ್ ಕತ್ತರಿಸೋ ಕಿಣ್ವ) ತೆಗೀತಿದೀನಿ. 1 ಲೀಟರಲ್ಲಿ 500 ಮಿಗ್ರಾಂ ಪ್ರೋಟೀನ್ ಇತ್ತು, ಗಾಜಿನ ಕೊಳವೆಗೆ ಕೆಳಗಿಂದ ಗಾಳಿ ಬಿಟ್ಟೆ. ಮೇಲೆ ಬಂದ ನೊರೆ ಇಳಿದು 50 ಎಂಎಲ್ ಆಯ್ತು, ಅದ್ರಲ್ಲಿ 200 ಮಿಗ್ರಾಂ, ಕೆಳಗುಳಿದಿದ್ರಲ್ಲಿ 190. ಆದ್ರೆ ನೊರೆಯ ಪಪೈನ್ ಕೆಲಸಾನೇ ಮಾಡ್ತಿಲ್ಲ.

ಮೀನು ಸಾಕೋರು: ಗೋಲ್ಡ್‌ಫಿಶ್ ಟ್ಯಾಂಕಿಗೆ ಪ್ರೋಟೀನ್ ಸ್ಕಿಮ್ಮರ್ (ಗುಳ್ಳೆ ಬಿಟ್ಟು ನೊರೆ ಜೊತೆ ಕೊಳೆ ತೆಗೆಯೋದು) ಹಾಕ್ಬೋದಾ?

ಮೇಡಂ: ಬೇಡ. ಸಿಹಿನೀರಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡದಾಗುತ್ವೆ, ನೊರೆ ನಿಲ್ಲಲ್ಲ. ಉಪ್ಪುನೀರಿನ ಟ್ಯಾಂಕಿಗೆ ಸರಿ.

ಮೇಡಂ, ಎಂಎಸ್ಸಿ ಹುಡುಗಿಗೆ: 8 ಪಟ್ಟು ಗಟ್ಟಿ ಆಯ್ತು ಅಂತ ಖುಷಿಪಡೋ ಮುಂಚೆ ಲೆಕ್ಕ ಕೂಡ್ಸು. 200ಕ್ಕೆ 190 ಸೇರಿದ್ರೆ 390, ಮಿಕ್ಕ 110 ಎಲ್ಲಮ್ಮ? ಗಾಜಿನ ಒಳಗೋಡೆಗೆ ಬಿಳೀ ಪೊರೆ ಎಳೆ ಎಳೆಯಾಗಿ ಅಂಟಿದ್ಯಾ ನೋಡು, ಬಫರ್ (ಹುಳಿ-ಕ್ಷಾರ ಏರುಪೇರಾಗದ ದ್ರಾವಣ) ಹಾಕಿ ಅಲ್ಲಾಡಿಸಿದ್ರೂ ಕರಗಲ್ಲ ಅಂದ್ರೆ ಅದೇ ನಿನ್ನ ಪ್ರೋಟೀನು. ನೀರಿಗೆ ಆಗದ ಭಾಗಾನ ಗಾಳಿ ಕಡೆ ತಿರುಗಿಸ್ಕೊಂಡು ಗುಳ್ಳೆಗೆ ಹತ್ಕೊಳ್ಳೋದ್ರಿಂದಲೇ ಅದು ಮೇಲೆ ಬರೋದು, ಆದ್ರೆ ಹಾಗೆ ಹತ್ಕೊಂಡೇ ಕೆಲವು ಪ್ರೋಟೀನು ತಮ್ಮ ಮಡಿಚಿದ ಆಕಾರ ಬಿಚ್ಕೊಂಡು ಹಾಳಾಗುತ್ವೆ, ಬಿಚ್ಚಿದ್ದನ್ನ ಉಳಿದ ಪಪೈನೇ ಕತ್ತರಿಸಿಹಾಕುತ್ತೆ. ಪಪೈನಿಗೆ ಇನ್ನೊಂದು ತೊಂದ್ರೆ, ಕೆಲಸ ಮಾಡೋ ಜಾಗದಲ್ಲಿ ಸಿಸ್ಟೀನ್ ಅನ್ನೋ ಗಂಧಕ ಇರೋ ಅಮೈನೋ ಆಮ್ಲ ಇದೆ, ಗಾಳಿಯ ಆಮ್ಲಜನಕ ಅದನ್ನ ಕೆಡಿಸುತ್ತೆ. ಸ್ವಲ್ಪ ನೊರೆನೀರಿಗೆ ಸಿಸ್ಟೀನ್, ಇಡಿಟಿಎ (ಲೋಹದ ಅಂಶ ಹಿಡಿದಿಡೋ ರಾಸಾಯನಿಕ) ಹಾಕಿ ಅರ್ಧ ಗಂಟೆ ಬಿಟ್ಟು ಮತ್ತೆ ಪರೀಕ್ಷೆ ಮಾಡು. ಚಟುವಟಿಕೆ ವಾಪಸ್ ಬಂದ್ರೆ ಮುಂದಿನ ಸಲ ಗಾಳಿ ಬದ್ಲು ನೈಟ್ರೋಜನ್ ಬಿಡು. ಬರ್ಲಿಲ್ಲ ಅಂದ್ರೆ ಬಹುಶಃ ಗುಳ್ಳೆ ಮೈಮೇಲೇ ಬಿಚ್ಚಿದೆ, ನೈಟ್ರೋಜನ್ನಿಂದ ಅದು ನಿಲ್ಲಲ್ಲ. ಕೊಳವೆ ಗಿಡ್ಡ ಮಾಡು, ನೊರೆಯಲ್ಲಿ ಕಮ್ಮಿ ಹೊತ್ತಿರ್ಲಿ, 8 ಪಟ್ಟು ಸಿಗಲ್ಲ, ಪರ್ವಾಗಿಲ್ಲ, ಸತ್ತ ಕಿಣ್ವ ಎಷ್ಟು ಗಟ್ಟಿ ಇದ್ರೇನು.

ಸದಸ್ಯೆ: ಫಾರ್ವರ್ಡ್ ಬಂದಿದೆ: ಬೇಳೆ ನೊರೆಯಲ್ಲಿ ಯೂರಿಕ್ ಆಸಿಡ್, ತೆಗೆದು ಚೆಲ್ಲಿದ್ರೆ ಕೀಲುನೋವು ಮಾಯ. ನಿಜಾನಾ?

ಮೇಡಂ: ಸುಳ್ಳು. ಅದು ಬೇಳೆಯದೇ ಪ್ರೋಟೀನು, ಸೋಪಿನ ಹಾಗೆ ನೊರೆ ಬರಿಸೋ ಸಪೋನಿನ್ನು. ಯೂರಿಕ್ ಆಸಿಡ್ ನಮ್ಮ ಮೈಯೊಳಗೆ ಆಗೋದು. ನೊರೆ ಚೆಲ್ಕೊಂಡು ದಿನ ಕಳೀಬೇಡಿ, ಡಾಕ್ಟರ್ ಹತ್ರ ಹೋಗಿ ರಕ್ತ ಪರೀಕ್ಷೆ ಮಾಡ್ಸಿ. ಇಂಥವನ್ನ ಇಲ್ಲಿ ಹಾಕ್ಲೇಬೇಡಿ.

ಸದಸ್ಯ 1: ನಮ್ಮಜ್ಜಿ ದಿನಾ ತೆಗೀತಿದ್ರು. ಅವ್ರಿಗೆ ಗೊತ್ತಿರ್ಲಿಲ್ವಾ?

ಸದಸ್ಯ 2: ಉಕ್ಕಿ ಒಲೆ ಮೇಲೆ ಚೆಲ್ಲುತ್ತೆ ಅಂತ ತೆಗೀತಿದ್ರು ಸ್ವಾಮಿ.

ಸದಸ್ಯ 1: ನೀವು ಬಂದು ನೋಡಿದ್ರಾ? ಹಿರಿಯರನ್ನ ಆಡ್ಕೋಬೇಡಿ.

ಸದಸ್ಯ 2: ಯಾರು ಆಡ್ಕೊಂಡ್ರು? ಓದಿ ಮಾತಾಡಿ.

ಡೈರಿಯವರು: ಪನೀರ್ ನೀರಿಂದ ಹೀಗೆ ಪ್ರೋಟೀನ್ ತೆಗೆಯೋ ಮಷೀನ್ ಎಷ್ಟಾಗುತ್ತೆ?

ಇನ್ನೊಬ್ರು: ಸಿಹಿನೀರಿನ ಟ್ಯಾಂಕಿಗೆ ಸ್ಕಿಮ್ಮರ್ ಆಗುತ್ತಾ ಮೇಡಂ?

ಮೇಡಂ: ಮೇಲೆ ಹೇಳಿದೀನಿ.

ಎಂಎಸ್ಸಿ ಹುಡುಗಿ: ಪೊರೆ ಇದೆ ಮೇಡಂ, ಉದ್ದಕ್ಕೂ.

ಮೇಡಂ: ತೊಳೆದು ಚೆಲ್ಬೇಡ. ಕೆರೆದು ಒಣಗ್ಸಿ ತೂಕ ಹಾಕಿ ಹೇಳು.