50 ಸಾವಿರದೊಳಗೆ ಗುಡ್ಡ ಇಳಿಯುವ ಮೊದಲ ಸೈಕಲ್: ಅನುಭವ ಹಂಚಿಕೆ

ಗಂಗಾವತಿಯಿಂದ ಕೇಳಿದ್ದು:
ಆನೆಗೊಂದಿ ಸುತ್ತಲಿನ ಬಂಡೆಗುಡ್ಡಗಳಲ್ಲಿ ಇಳಿಜಾರಿನ ಸವಾರಿ ಕಲಿಯಬೇಕೆಂದಿದ್ದೇನೆ. ಎಲ್ಲ ಸೇರಿ 50 ಸಾವಿರ ರೂಪಾಯಿ ಕೂಡಿಟ್ಟಿದ್ದೇನೆ. ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಸೈಕಲ್ಲನ್ನೇ ಕೊಳ್ಳಬೇಕೆ? ಬಲ್ಲವರು ದಯವಿಟ್ಟು ತಿಳಿಸಿರಿ.

ಸಂಡೂರಿನಿಂದ:
ಆ ಹಣಕ್ಕೆ ಎರಡೂ ಕಡೆ ಸಸ್ಪೆನ್ಷನ್ ಇರುವ ಹೊಸ ಸೈಕಲ್ ಸಿಗುತ್ತದೆ, ಆದರೆ ಅದನ್ನು ಕೊಳ್ಳಬೇಡಿ. ನಾನು ಮೊದಲು ಕೊಂಡದ್ದು ಅಂಥದ್ದೇ. ಅದರ ಹಿಂದಿನ ಶಾಕ್‌ನಲ್ಲಿ ಎಣ್ಣೆಯ ತಡೆ ಇರಲಿಲ್ಲ, ಬರಿಯ ಸ್ಪ್ರಿಂಗು. ಕಲ್ಲಿಗೆ ಬಡಿದು ಕುಗ್ಗಿದ್ದು ಅಷ್ಟೇ ರಭಸದಿಂದ ಚಿಮ್ಮಿ, ನನ್ನನ್ನು ಹ್ಯಾಂಡಲ್ ಮೇಲಕ್ಕೆ ನೂಕುತ್ತಿತ್ತು. ಮೂರು ತಿಂಗಳಾಗುವಷ್ಟರಲ್ಲಿ ಅದಿರಿನ ಕೆಂಪು ದೂಳು ಕೀಲುಗಳಿಗೆ ಇಳಿದು, ಪೆಡಲ್ ತುಳಿದಾಗಲೆಲ್ಲ ಎಣ್ಣೆ ಕಾಣದ ಗಾಣದಂತೆ ಕಿರುಗುಟ್ಟತೊಡಗಿತು.

ಸ್ಪರ್ಧೆಗಳಲ್ಲಿ ಕಾಣುವ ನಿಜವಾದ ಡೌನ್‌ಹಿಲ್ ಸೈಕಲ್ಲಿನ ಸಸ್ಪೆನ್ಷನ್ ಸುಮಾರು 200 ಮಿಲಿಮೀಟರ್ ಕುಗ್ಗುತ್ತದೆ, ತೂಕ 15 ಕಿಲೋ ದಾಟುತ್ತದೆ. ಅದನ್ನು ಗುಡ್ಡದ ತುದಿಗೆ ಒಯ್ಯಲು ಅಲ್ಲಿ ಕೇಬಲ್ ಕಾರೋ ವಾಹನವೋ ಇರುತ್ತದೆ. ನಮ್ಮಲ್ಲಿ ಹತ್ತುವುದೂ ನಮ್ಮ ಕಾಲಿನ ಬಲದಿಂದಲೇ. ಆದ್ದರಿಂದ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ನೋಡಿ. ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವಲು, 100ರಿಂದ 120 ಮಿಲಿಮೀಟರ್ ಕುಗ್ಗಿದರೆ ಕಲಿಯುವವರಿಗೆ ಸಾಕು, ಆದರೆ ಅದರ ಬುಡದಲ್ಲಿ ರೀಬೌಂಡ್, ಅಂದರೆ ಕುಗ್ಗಿದ್ದು ಮರಳಿ ಚಿಮ್ಮುವ ವೇಗ, ಹೊಂದಿಸುವ ತಿರುಗಣೆ ಇದೆಯೇ ಎಂದು ಬಗ್ಗಿ ನೋಡಿ. ಬ್ರೇಕು ತಂತಿಯ ಬದಲು ದ್ರವದ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಡಿಸ್ಕ್ ಆಗಿರಲಿ. ಉದ್ದದ ಇಳಿಜಾರಿನಲ್ಲಿ ಒಂದೇ ಬೆರಳಿನಿಂದ ಹಿಡಿಯಲು ಬಂದರೆ ಉಳಿದ ಬೆರಳುಗಳು ಹ್ಯಾಂಡಲನ್ನು ಬಿಗಿಯಾಗಿ ಹಿಡಿದಿರುತ್ತವೆ. ಅಂಗಡಿಯಲ್ಲಿಯೇ ಮುಂದಿನ ಬ್ರೇಕ್ ಒತ್ತಿ ಹಿಡಿದು ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಅಲುಗಾಡಿಸಿ. ಫೋರ್ಕಿನಲ್ಲಿ ಟಕ್ ಎಂಬ ಸದ್ದು ಬಂದರೆ ಸಡಿಲವಿದೆ ಎಂದರ್ಥ. ಅಗ್ಗದ ಕೆಲವು ಸೈಕಲ್ಲುಗಳ ಫ್ರೇಮಿನ ಮೇಲೆ, ಒರಟು ದಾರಿಗೂ ಜಿಗಿತಕ್ಕೂ ಬಳಸಬಾರದೆಂಬ ಸಣ್ಣ ಚೀಟಿ ಅಂಟಿಸಿರುತ್ತಾರೆ. ನಾನು ಅದನ್ನು ಓದಿದ್ದು ಸೈಕಲ್ ಮಾರುವ ದಿನ.

ಕೊಪ್ಪಳದಿಂದ:
ಸಂಡೂರಿನವರ ಮಾತಿಗೆ ನನ್ನ ಸಹಮತವಿದೆ, ಆದರೆ 50 ಸಾವಿರವನ್ನೂ ಸೈಕಲ್ಲಿಗೇ ಸುರಿಯಬೇಡಿ. 38ರಿಂದ 40 ಸಾವಿರಕ್ಕೆ ನಿಲ್ಲಿಸಿ. ಮಿಕ್ಕ ಹಣದಲ್ಲಿ ಗದ್ದವನ್ನೂ ಮುಚ್ಚುವ ಹೆಲ್ಮೆಟ್, ಮೊಣಕಾಲಿನ ಕವಚ, ಕೈಗವಸು ಮೊದಲು ಬರಲಿ. ನಮ್ಮ ಭಾಗದ ಬಂಡೆ ಒಣಗಿದ್ದಾಗ ಟೈರನ್ನು ಚೆನ್ನಾಗಿಯೇ ಹಿಡಿಯುತ್ತದೆ, ಆದರೆ ಅದರ ಮೇಲೆ ಉದುರಿದ ಗರಸು ರಾಗಿ ಕಾಳು ಚೆಲ್ಲಿದ ನೆಲದಂತೆ ಜಾರುತ್ತದೆ; ನನ್ನ ಗದ್ದದ ಮೂರು ಹೊಲಿಗೆಗಳು ಅದರ ಗುರುತು. ಇನ್ನು ಬಳ್ಳಾರಿ ಜಾಲಿ: ಅದರ ಮುಳ್ಳು ಚಪ್ಪಲಿಯನ್ನೇ ತೂರಿ ಬರುವಾಗ ಟ್ಯೂಬ್ ಯಾವ ಲೆಕ್ಕ? ಒಂದೇ ಬೆಳಗಿನಲ್ಲಿ ನಾಲ್ಕು ಪಂಕ್ಚರ್ ಹಾಕಿದ ಮೇಲೆ ನಾನು ಟ್ಯೂಬ್‌ಲೆಸ್‌ಗೆ ಬದಲಾದೆ. ಅದರ ಟೈರಿನೊಳಗೆ ಹಾಕುವ ಸೀಲೆಂಟ್ ದ್ರವ ಸಣ್ಣ ತೂತನ್ನು ತಾನೇ ಮುಚ್ಚುತ್ತದೆ, ಆದರೆ ನಮ್ಮ ಬಿಸಿಲಿಗೆ ಬೇಗ ಒಣಗುವುದರಿಂದ ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ನೋಡಿ ತುಂಬಿಸಬೇಕು. ಕೊಳ್ಳುವಾಗಲೇ ರಿಮ್ ಟ್ಯೂಬ್‌ಲೆಸ್‌ಗೆ ಒಗ್ಗುವುದೇ ಎಂದು ಕೇಳಿ, ಟೈರಿನ ಅಗಲ 2.3 ಇಂಚಿಗೆ ಕಡಿಮೆ ಇರದಿರಲಿ. ಆನೆಗೊಂದಿಯ ಸ್ಮಾರಕಗಳ ಹತ್ತಿರ ಮಾತ್ರ ಸೈಕಲ್ ಇಳಿಸಬೇಡಿ.

ರಾಯಚೂರಿನಿಂದ:
ಹಳೆಯದನ್ನು ಕೊಳ್ಳುವುದಾದರೆ ಬೆಂಗಳೂರಿನವರು ಮಾರುವ ಸೈಕಲ್ಲುಗಳಲ್ಲಿ ಇದೇ ಹಣಕ್ಕೆ ಒಳ್ಳೆಯ ಫೋರ್ಕ್ ಸಿಗುವುದುಂಟು. ಹ್ಯಾಂಡಲ್ ಕೆಳಗೆ ಕೊಳವೆಗಳು ಕೂಡುವ ಬೆಸುಗೆಯ ಸುತ್ತ ಬಟ್ಟೆಯಿಂದ ಒರೆಸಿ, ಟಾರ್ಚ್ ಹಿಡಿದು ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ ಬಿಟ್ಟುಬಿಡಿ. ಫೋರ್ಕಿನ ಹೊಳೆಯುವ ಕಾಲುಗಳ ಮೇಲೆ ಉಗುರು ಎಳೆದಾಗ ಗೀರು ಸಿಕ್ಕಿದರೆ ಅಲ್ಲಿಂದ ಎಣ್ಣೆ ಸೋರುತ್ತದೆ. ಬಿಲ್ಲಿನಲ್ಲಿರುವ ಫ್ರೇಮ್ ಸಂಖ್ಯೆಯನ್ನು ಪೆಡಲ್ ಅಚ್ಚಿನ ಅಡಿಯಲ್ಲಿ ಕೊರೆದಿರುವ ಸಂಖ್ಯೆಯೊಂದಿಗೆ ತಾಳೆ ನೋಡದೆ ಹಣ ಕೊಡಬೇಡಿ.